ಪಂಡಿತಾ ರಮಾಬಾಯಿಯವರೂ ಎಳೆಯ ಮಕ್ಕಳೂ

ಈ ಸ್ಮರಣ ಸಂಚಿಕೆಗಾಗಿ ಒಬ್ಬ ಮಹಾವ್ಯಕ್ತಿಯ ಚರಿತ್ರೆಯನ್ನು ಬರೆದು ಕೊಡಬೇಕೆಂದು ನಮಗೆ ಅಪ್ಪಣೆಯಾದಾಗ, ಯಾರ ಚರಿತ್ರೆಯು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಹೆಚ್ಚು ಉಪಯೋಗವಾದೀತೆಂದು ನಾವು ಬಹಳವಾಗಿ ಯೋಚಿಸಿದೆವು. ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸಂಸಾರಸ್ಥರಾಗಿ ಮಕ್ಕಳೊಂದಿಗರಾಗಿದ್ದಾರೆ. ಅವರು ನಮ್ಮನ್ನು ಕಾಣಲು ಬಂದಾಗಲೆಲ್ಲ ಕೇಳುವ ಪ್ರಶ್ನೆಯು ಒಂದೇ: ಮೂರು ವರ್ಷದ ಕೂಸಿಗೆ ಈಗಲೇ ಪಾಟಿ ಬಳಪ ಕೊಡಬೇಕೇ, ಮನೆಗೆಲಸದ ಗದ್ದಲದಲ್ಲಿ ಅದಕ್ಕೆ ಪಾಠ ಹೇಳಲು ಬಿಡುವೆಲ್ಲಿಯದು? ಈ ಪ್ರಶ್ನೆಗೆ ಪಂಡಿತಾ ರಮಾಬಾಯಿಯವರ ಜೀವಿತವೇ ಒಂದು ಉತ್ತರವಾಗಿರುವದರಿಂದ ಅದನ್ನೇ ಇಲ್ಲಿ ಸಂಕ್ಷೇಪವಾಗಿ ಹೇಳಲು ಎಣಿಸಿದ್ದೇವೆ.

ರಮಾಬಾಯಿಯವರು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದವರೆಂಬ ಸಂಗತಿಯು ಬಹು ಜನರಿಗೆ ತಿಳಿಯದು. ಅವರ ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಗ್ರಾಮದ ಕಡೆಯವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರಿಗೆ ಗೀರ್ವಾಣ ಭಾಷೆಯನ್ನು ಕಲಿಸುವದು ಅಧರ್ಮವೆಂದು ಜನರು ನಂಬಿದ್ದ ಕಾಲದಲ್ಲಿ ಶಾಸ್ತ್ರಿಗಳು ತಮ್ಮ ಎಳೆಯ ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಕಾವ್ಯ ಪುರಾಣಗಳನ್ನು ಕಲಿಸತೊಡಗಿದರು. ಅದರಿಂದ ಬಂಧುಗಳ ವಿರೋಧವನ್ನು ಕಟ್ಟಿಕೊಂಡು, ಪಂಡಿತರ ಮುಂದೆ ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕಡೆಗೆ ಅವರು ಊರಿನ ಸಹವಾಸವೇ ಬೇಡವೆಂದು ಪಶ್ಚಿಮಘಟ್ಟದ ಗಂಗಾಮೂಲವೆಂಬ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಆ ಗಿರಿವನದಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ರಮಾ ಎಂಬ ಕೂಸು ಜನಿಸಿತು.

ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಆ ಮನೆಯು ಬಡತನಕ್ಕೆ ಈಡಾಯಿತು. ಬಂದ ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಕ್ಕಿ ಸಾಲಗಾರರಾದ ಶಾಸ್ತ್ರಿಗಳು ಸಂಸಾರ ಸಮೇತರಾಗಿ ತೀರ್ಥಯಾತ್ರೆಗೆ ಹೊರಟರು. ರಮೆಯನ್ನು ಒಂದು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನಂತೆ. ಅಂದಿನಿಂದ ಆ ಮಗುವಿಗೆ ಒಂದು ಊರೆಂಬದಿಲ್ಲ, ಒಂದು ಮನೆಯೆಂಬದಿಲ್ಲ. ನೆರೆಹೊರೆಯ ಗೆಳತಿಯರೊಡನೆ ಆಡಿ ಬೆಳೆಯುವ ಅಂಗಳವೂ ಇಲ್ಲ. ಗುಡಿಯ ಕಟ್ಟೆಯೇ ಮನೆ, ಹಾದಿಯೇ ಶಾಲೆ.

ಹೀಗಿದ್ದೂ ಆ ಮಗುವಿಗೆ ಒಂದು ಐಶ್ವರ್ಯವು ದೊರೆಯಿತು. ತಂದೆಯವರಿಗೆ ಮುಪ್ಪು ಬಂದು ಕಲಿಸುವ ಶಕ್ತಿಯು ಉಡುಗಿದ್ದುದರಿಂದ ಮಗಳ ವಿದ್ಯಾಭ್ಯಾಸದ ಭಾರವು ತಾಯಿಯ ಮೇಲೆ ಬಿತ್ತು. ಲಕ್ಷ್ಮೀಬಾಯಿಯವರಿಗೆ ಹಗಲೆಲ್ಲ ಕೆಲಸ: ನೀರು, ಅಡಿಗೆ, ಮುದುಕರಾದ ಪತಿಯ ಸೇವೆ, ಮಕ್ಕಳ ಆರೈಕೆ. ಆದುದರಿಂದ ಆ ತಾಯಿಯು ನಸುಕಿನ ಜಾವವನ್ನು ಮಗಳಿಗಾಗಿ ಮೀಸಲಿಟ್ಟಳು. ನೆಲದ ಮೇಲೆ ಮಲಗಿದ್ದ ನಿದ್ದೆಗಣ್ಣಿನ ಮಗುವನ್ನು ಮೆಲ್ಲಗೆ ಎತ್ತಿಕೊಂಡು, ಮುದ್ದು ಮಾತುಗಳಿಂದ ಎಚ್ಚರಿಸಿ, ಹಕ್ಕಿಗಳು ಉಲಿಯುವ ಹೊತ್ತಿಗೆ ಬಾಯಿಪಾಠ ಹೇಳಿಕೊಡುತ್ತಿದ್ದಳೆಂದು 1887ರಲ್ಲಿ ಅಚ್ಚಾದ ರಮಾಬಾಯಿಯವರ ಪುಸ್ತಕದ ಮುನ್ನುಡಿಯಲ್ಲಿ ವರ್ಣಿಸಿದೆ. ಪುಸ್ತಕವೆಂದರೆ ತಾಯಿಯ ತುಟಿಗಳೇ. ಬಿಡುವಿಲ್ಲದ ತಾಯಿಯೊಬ್ಬಳು ಮಗುವನ್ನು ಎಬ್ಬಿಸುವ ನಿತ್ಯದ ಕೆಲಸವನ್ನೇ ಪಾಠವನ್ನಾಗಿ ಮಾಡಿದಳೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಾವು ಬೇಡುತ್ತೇವೆ. ಹದಿನೈದು ವರ್ಷ ತುಂಬುವಷ್ಟರಲ್ಲಿ ರಮೆಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಕಂಠಸ್ಥವಾಗಿದ್ದವು.

ಆ ಮೇಲೆ ಬಂದದ್ದು ಬರಗಾಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮವು ಬೀಳಗಿ ಬಾಗಲಕೋಟೆಗಳು ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಎಷ್ಟು ಹಾಳುಗೆಡಹಿತೆಂಬದು ಪ್ರಸಿದ್ಧವಾಗಿದೆ. ಅದಕ್ಕೆ ತುಸು ಮುಂಚಿತವಾಗಿಯೇ ಮದ್ರಾಸ್ ಪ್ರಾಂತದಲ್ಲಿ ಈ ಯಾತ್ರಿಕ ಕುಟುಂಬವು ಹಸಿವಿಗೆ ಸಿಕ್ಕಿತು. 1874ರಲ್ಲಿ ತಂದೆಯವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ತಾಯಿಯೂ, ಆ ಬಳಿಕ ಅಕ್ಕನೂ ಹಿಂಬಾಲಿಸಿದರು. ಉಳಿದವರು ಅಣ್ಣ ಶ್ರೀನಿವಾಸನೂ ರಮೆಯೂ ಮಾತ್ರ. ಅವರಿಬ್ಬರು ಬರಿಗಾಲಿನಿಂದ ದೇಶವನ್ನೆಲ್ಲ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ರಮೆಯನ್ನು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದಿತ್ತರು. ತಾಯಿಯು ನಸುಕಿನಲ್ಲಿ ಬಿತ್ತಿದ ಬೀಜವು ಹೀಗೆ ಫಲಿಸಿತು. ಆದರೆ ಅದನ್ನು ಕಾಣಲು ತಾಯಿಯು ಉಳಿದಿರಲಿಲ್ಲ.

1880ರಲ್ಲಿ ಅಣ್ಣನು ಮಡಿದನು. ಅದೇ ವರ್ಷ ಅವರು ಬಿಪಿನ ಬಿಹಾರಿ ಮೇಧಾವಿ ಎಂಬ ಬಂಗಾಲಿ ವಕೀಲರನ್ನು ಮದುವೆಯಾದರು. 1881ರ ಏಪ್ರಿಲ್‌ದಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. ಆ ಮಗಳಿಗೆ ಒಂದು ವರ್ಷ ತುಂಬುವ ಮೊದಲೇ ಗಂಡನು ವಾಂತಿಭೇದಿಯಿಂದ ತೀರಿಕೊಂಡನು. ಇಪ್ಪತ್ಮೂರು ವರ್ಷದ ವಿಧವೆಯು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಪುಣೆಗೆ ಬಂದು, 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಸ್ತ್ರೀವೈದ್ಯರೂ ಬೇಕೆಂದು ಹಂಟರ್ ಕಮಿಶನ್ನಿನ ಮುಂದೆ ಸಾಕ್ಷ್ಯ ನುಡಿದರು.

1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಉದ್ದೇಶದಿಂದ ಅವರು ಮಗಳೊಡನೆ ಇಂಗ್ಲಂಡಕ್ಕೆ ಹೋದರು. ಅದೇ ಸಪ್ಟೆಂಬರ 29ರಂದು ವಾಂಟೇಜಿನಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಹೊಂದಿದರು. ಕಿವಿ ಮಂದವಾದುದರಿಂದ ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಯಿತು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಅವರು ಓದುತ್ತಲೂ ಸಂಸ್ಕೃತವನ್ನು ಕಲಿಸುತ್ತಲೂ ಇದ್ದ ಕಾಲದಲ್ಲಿ ಚಿಕ್ಕ ಮನೋರಮೆಯು ವಾಂಟೇಜಿನ ಕ್ರೈಸ್ತ ಸೋದರಿಯರ ಆರೈಕೆಯಲ್ಲಿದ್ದಳು. ಹಾದಿಯಲ್ಲಿಯೂ ತನ್ನನ್ನು ಬಿಡದೆ ಸಾಕಿದ ತಾಯಿಯ ಮಗಳಿಗೆ ತನ್ನ ಕೂಸನ್ನು ಅಗಲಿರುವದು ಎಷ್ಟು ಕಷ್ಟವಾಗಿದ್ದೀತೆಂಬದನ್ನು ತಾಯಂದಿರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

1886ರಲ್ಲಿ, ವೈದ್ಯಪದವಿಯನ್ನು ಪಡೆಯುತ್ತಿದ್ದ ಆನಂದೀಬಾಯಿ ಜೋಶಿಯವರ ಸಮಾರಂಭಕ್ಕಾಗಿ ಅವರು ಅಮೇರಿಕೆಯ ಫಿಲಡೆಲ್ಫಿಯಾ ಪಟ್ಟಣಕ್ಕೆ ಹೋದರು. ಕೆಲವು ದಿನಗಳಿಗೆಂದು ಹೋದವರು ಎರಡು ವರ್ಷಕ್ಕೂ ಮಿಕ್ಕಿ ನಿಂತರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕಿಂಡರ್‌ಗಾರ್ಟನ್ ಎಂಬ ಬಾಲಶಿಕ್ಷಣ ಪದ್ಧತಿ. ಪಂಡಿತೆಯೆಂದು ಬಿರುದಾಂತವರು ಎಳೆಯ ಮಕ್ಕಳ ಆಟದ ಪಾಠಗಳನ್ನು ಕಲಿಯಲು ಪುನಃ ವಿದ್ಯಾರ್ಥಿನಿಯಾಗಿ ಕುಳಿತರು.

ಈ ಪದ್ಧತಿಯ ಮೂಲಪುರುಷರು ಜರ್ಮನಿಯ ಫ್ರೋಬೆಲ್‌ರು. 1782ರಲ್ಲಿ ಒಬ್ಬ ಪಾದ್ರಿಯ ಮನೆಯಲ್ಲಿ ಹುಟ್ಟಿದ ಅವರು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳಕೊಂಡರು. ತಾವು ಕಾಣದ ತಾಯಿಯ ಲಾಲನೆಯನ್ನು ಎಲ್ಲ ಮಕ್ಕಳಿಗೂ ದೊರಕಿಸಲು ಅವರು ಆಯುಷ್ಯವನ್ನೇ ಸವೆಸಿದರು. 1837ರಲ್ಲಿ ಬ್ಲಾಂಕೆನ್‌ಬುರ್ಗದಲ್ಲಿ ಅವರು ತೆರೆದ ಬಾಲಸಂಸ್ಥೆಗೆ 1840ರಲ್ಲಿ ಮಕ್ಕಳ ತೋಟ ಎಂಬರ್ಥದ ಈ ಹೆಸರು ಬಂದಿತು. ಬಣ್ಣಬಣ್ಣದ ಆರು ಉಣ್ಣೆಯ ಚಂಡುಗಳು ಮೊದಲನೆಯ ಕಾಣಿಕೆ. ಮರದ ಗುಂಡು, ಚೌಕದ ಗಟ್ಟಿ, ಉರುಳೆ ಇವು ಎರಡನೆಯದು. ಆ ಮೇಲೆ ಕಟ್ಟುವ, ಮಡಿಸುವ, ಹೆಣೆಯುವ, ಮಣ್ಣಿನಲ್ಲಿ ಮಾಡುವ ಕೆಲಸಗಳು. ಮಗುವಿಗೆ ಆಟವೇ ದುಡಿಮೆ, ಆಟದಿಂದಲೇ ಕೈ, ಕಣ್ಣು, ಮಾತು, ಮನಸ್ಸು ಒಟ್ಟಿಗೆ ಅರಳುವವೆಂಬದು ಅವರ ಸಿದ್ಧಾಂತ. ತಾಯಂದಿರು ಕೂಸನ್ನು ಆಡಿಸುವ ಹಾಡುಗಳದೇ ಒಂದು ಪುಸ್ತಕವನ್ನೂ ಅವರು ಮಾಡಿದರು. ಪ್ರಶಿಯಾದ ಸರಕಾರವು 1851ರಲ್ಲಿ ಈ ಶಾಲೆಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್‌ರು ತೀರಿಕೊಂಡರು. ಆದರೂ ಅವರ ತೋಟದ ಬೀಜಗಳು ಕಡಲು ದಾಟಿ ಅಮೇರಿಕೆಯಲ್ಲಿ ಚಿಗುರಿದ್ದವು.

ರಮಾಬಾಯಿಯವರು ಸಹಸ್ರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದವರು. ಬಾಯಿಪಾಠದ ಬಲವನ್ನೂ ಅದರ ಕೊರತೆಯನ್ನೂ ಅವರಷ್ಟು ಬಲ್ಲವರು ವಿರಳ. ಮುಟ್ಟಿ ನೋಡಿ, ಮಾಡಿ ನೋಡಿ ಕಲಿಯುವ ಈ ಕ್ರಮವು ಹಿಂದೂದೇಶದ ಮಕ್ಕಳಿಗೆ ಬೇಕೆಂದು ಅವರಿಗೆ ಮನವರಿಕೆಯಾಯಿತು. ಅವರ ಕಾರ್ಯಕ್ಕೆ ಸಹಾಯ ಮಾಡಲು 1887ರ ಡಿಸೆಂಬರದಲ್ಲಿ ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಎಂಬ ಸಂಘವು ಹುಟ್ಟಿತು.

ಸ್ವದೇಶಕ್ಕೆ ಮರಳಿ 1889ರ ಮಾರ್ಚ 11ರಂದು ಅವರು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸಾಗಿತು. ಎಂಟು ಹತ್ತು ವರ್ಷಕ್ಕೆ ಮದುವೆಯಾಗಿ, ಆಡುವ ಪ್ರಾಯದಲ್ಲಿಯೇ ತಲೆ ಬೋಳಿಸಿಕೊಂಡು ಮೂಲೆ ಹಿಡಿಯಬೇಕಾಗಿದ್ದ ಬಾಲವಿಧವೆಯರಿಗೆ ಅದು ತವರು ಮನೆಯಾಯಿತು. ಅಲ್ಲಿ ಸೇರಿದ ಮೊದಲನೆಯ ವಿಧವೆಯಾದ ಗೋದೂಬಾಯಿಯವರು ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದರು. 1893ರಲ್ಲಿ ಸದನದ ಹುಡುಗಿಯರು ಕ್ರೈಸ್ತಮತಕ್ಕೆ ಒಲಿಯುತ್ತಿರುವರೆಂಬ ಅಪವಾದವೆದ್ದು, ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮೊದಲು ಬೆಂಬಲಿಸಿದ್ದ ದೊಡ್ಡವರೂ ದೂರ ಸರಿದರು. ರಮಾಬಾಯಿಯವರು ಕೆಲಸವನ್ನು ನಿಲ್ಲಿಸಲಿಲ್ಲ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ತಮ್ಮ ಹೆತ್ತವರ ಸಾವು ಅವರ ಕಣ್ಣ ಮುಂದೆ ಬಂದು ನಿಂತಿತು. ಅವರು ಸ್ವತಃ ಅಲ್ಲಿಗೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಉಪದ್ರವವಿದ್ದುದರಿಂದ ಕೇಡಗಾಂವದ ತಮ್ಮ ಹೊಲದಲ್ಲಿ ಅವರನ್ನು ಇರಿಸಿದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತದ ಬರದ ಬಳಿಕ ಅಲ್ಲಿ 1,500ಕ್ಕೂ ಹೆಚ್ಚು ಜನರಿದ್ದರು. ಹಸಿವಿನಿಂದ ಎಲುಬಾಗಿ, ಮೈತುಂಬ ಹುಣ್ಣಾಗಿ, ಯಾರನ್ನೂ ನಂಬದಾಗಿದ್ದ ಮಕ್ಕಳಿಗೆ ಪುಸ್ತಕವು ಮೊದಲನೆಯ ಪಾಠವಾಗಲಾರದಷ್ಟೇ. ಮೀಸುವದು, ಬಾಚುವದು, ಹೊತ್ತಿಗೆ ಸರಿಯಾಗಿ ಉಣಿಸುವದು ಇವೇ ಮೊದಲಿನ ಪಾಠಗಳು. ಆ ಮೇಲೆ ಅಕ್ಷರ, ಹಾಡು, ಕಿಂಡರ್‌ಗಾರ್ಟನ್ನಿನ ಆಟ. ದೊಡ್ಡವರಿಗೆ ನೇಯಿಗೆ, ಹೊಲಿಗೆ, ಅಚ್ಚಿನ ಕೆಲಸ, ತೋಟಗಾರಿಕೆ. ಕುರುಡ ಹುಡುಗಿಯರಿಗೂ ಬೆರಳಿನಿಂದ ಓದುವ ವಿದ್ಯೆಯು ಅಲ್ಲಿ ದೊರೆಯಿತು.

ತಾವು ಹುಟ್ಟಿದ ಕನ್ನಡ ಸೀಮೆಯನ್ನೂ ಅವರು ಮರೆಯಲಿಲ್ಲ. 1912ರಲ್ಲಿ ಆಗಿನ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಗುಲಬರ್ಗೆಯಲ್ಲಿ ಒಂದು ಕ್ರಿಶ್ಚಿಯನ್ ಹೈಸ್ಕೂಲು ಅವರ ಪ್ರಯತ್ನದಿಂದ ಏರ್ಪಟ್ಟು, ಮನೋರಮೆಯೇ ಅದರ ಮುಖ್ಯಾಧ್ಯಾಪಿಕೆಯಾದಳು.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರ ಪ್ರಶ್ನೆಗೆ ಬರೋಣ. ಬಿಡುವೆಲ್ಲಿಯದೆಂದು ಕೇಳುವವರು ಲಕ್ಷ್ಮೀಬಾಯಿಯನ್ನು ನೆನೆಯಲಿ. ಕೂಸಿಗೆ ಎರೆಯುವಾಗ ಕೈ, ಕಾಲು, ಕಿವಿ, ಮೂಗು ಎಂದು ಹೆಸರಿಡುತ್ತ ಮಾತಾಡಿಸಿದರೆ ಅದೇ ಭಾಷೆಯ ಪಾಠ. ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟನ್ನು ಮಗುವಿನ ಕೈಗೆ ಕೊಟ್ಟರೆ ಅದೇ ಕೈಗೆಲಸ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಬಣ್ಣದ ನೂಲಿಗೂ ಬರಿದಾದ ಕಂಡಿಕೆಗೂ ಕೊರತೆಯಿಲ್ಲ. ತಿರುಗುವ ಯಂತ್ರದಿಂದ ಮಗುವನ್ನು ದೂರವಿಟ್ಟು, ನೂಲಿನ ಚಂಡು ಕಟ್ಟಿ ಕೊಟ್ಟರೆ, ಬಾಯಿಗೆ ಹಾಕಿಕೊಳ್ಳಲಾಗದಷ್ಟು ದೊಡ್ಡ ಕಂಡಿಕೆಗಳನ್ನು ಸಾಲಿಡಲು ಬಿಟ್ಟರೆ, ಫ್ರೋಬೆಲ್‌ರ ಕಾಣಿಕೆಗಳು ಮನೆಯಲ್ಲಿಯೇ ಸಿಕ್ಕಂತಾಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಜಮಖಂಡಿ ಮುಧೋಳಗಳ ಸೀಮೆಯ ಮಕ್ಕಳು ಕರಿಮಣ್ಣಿನಲ್ಲಿ ಎತ್ತುಗಳನ್ನು ಮಾಡುವಾಗ ಕೊಂಬು ಎರಡು, ಕಾಲು ನಾಲ್ಕು ಎಂದು ಎಣಿಸುವದೇ ಗಣಿತ. ಪಂಚಮಿಯ ಜೋಕಾಲಿ, ಅಜ್ಜಿಯ ಕಥೆ, ಜೋಗುಳದ ಹಾಡು ಇವೆಲ್ಲ ನಮ್ಮ ನಾಡಿನ ಮಕ್ಕಳ ತೋಟದ ಗಿಡಗಳೇ. ಪಾಟಿ ಬಳಪಕ್ಕೆ ಅವಸರವಿಲ್ಲ.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಹುಟ್ಟಿದ ಮೊದಲಿನ ಕೆಲವು ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ ಮುಂದೆ ಬೆಳೆಯುವದಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಮೊದಲಾದವೂ ಕೂಡಿ ಎಳೆಯ ಮಕ್ಕಳಿಗೆ ಬೇಕಾದವು ಐದೆಂದು ಹೇಳಿದವು: ಆರೋಗ್ಯ, ಪೋಷಣೆ, ಸುರಕ್ಷಿತತೆ, ಮಗುವಿನ ಕರೆಗೆ ಓಗೊಡುವ ಆರೈಕೆ, ಎಳವೆಯಿಂದಲೇ ಕಲಿಯುವ ಅವಕಾಶ. 1975ರಿಂದ ನಮ್ಮ ದೇಶದಲ್ಲಿ ನಡೆದಿರುವ ಅಂಗನವಾಡಿಗಳು ಇವುಗಳಿಗೆ ನೆರವಾಗುವವು. ಆದರೆ ಓಗೊಡುವ ಕೆಲಸವು ಮನೆಯವರದೇ. ತಾಯಿಯೊಬ್ಬಳದೇ ಅಲ್ಲ, ತಂದೆಯದೂ ಅಜ್ಜ ಅಜ್ಜಿಯರದೂ ಹೌದೆಂದು ಪಾಲಕರಿಗೆ ನಾವು ವಿನಯದಿಂದ ಅರಿಕೆ ಮಾಡುತ್ತೇವೆ.

ರಮಾಬಾಯಿಯವರ ಕಡೆಯ ದಿನಗಳು ದುಃಖದಿಂದ ಕೂಡಿದ್ದವು. ಎಲ್ಲ ಕೆಲಸದಲ್ಲಿ ಬಲಗೈಯಾಗಿದ್ದ ಮನೋರಮೆಯು 1921ರ ಜುಲೈಯಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಸತ್ಯವೇದವನ್ನು ಮೂಲಭಾಷೆಗಳಿಂದ ಸರಳವಾದ ಮರಾಠಿಗೆ ತರುವ ಕಾರ್ಯದಲ್ಲಿ ವರ್ಷಗಟ್ಟಲೆ ತೊಡಗಿದ್ದ ಅವರು ಅದನ್ನು ಪೂರೈಸಿ 1922ರ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರೆಹೊಂದಿದರು. ಕೇಡಗಾಂವದ ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ಬೆತ್ತದ ಪೆಟ್ಟಿಗೆಯಲ್ಲಿ ಬೆಟ್ಟವಿಳಿದ ಕೂಸು ಸಾವಿರಾರು ಕೂಸುಗಳಿಗೆ ತಾಯಿಯಾದಳು. ಅವಳ ತಾಯಿಯು ಕೊಟ್ಟದ್ದು ಹಣವಲ್ಲ, ಒಡವೆಯಲ್ಲ; ನಸುಕಿನ ಒಂದು ಗಳಿಗೆ, ಒಂದು ತೊಡೆ, ಒಂದಿಷ್ಟು ಮುದ್ದಿನ ಮಾತು. ಇವು ನಮ್ಮ ಸೀಮೆಯ ಬಡ ಮನೆಗಳಲ್ಲಿಯೂ ಇವೆ. ಅವುಗಳನ್ನು ಮಕ್ಕಳಿಗೆ ತಪ್ಪದೆ ಸಲ್ಲಿಸುವ ಬುದ್ಧಿಯನ್ನೂ ತಾಳ್ಮೆಯನ್ನೂ ದೇವರು ನಮ್ಮೆಲ್ಲರಿಗೆ ದಯಪಾಲಿಸಲೆಂದು ಪ್ರಾರ್ಥಿಸಿ ಈ ಲೇಖವನ್ನು ಮುಗಿಸುತ್ತೇವೆ.