ಅಳತೆಗೋಲಿನ ಸಾಧಕ ಆಲ್ಫಾನ್ಸ್ ಬರ್ಟಿಲಾನ್

ತಾಯಿ ತನ್ನ ಕೂಸನ್ನು ಅಳುವಿನ ದನಿಯಿಂದಲೇ ಅರಿಯುತ್ತಾಳೆ; ಗುರುವು ಶಿಷ್ಯನನ್ನು ನಡಿಗೆಯಿಂದಲೇ ಬಲ್ಲನು. ಪರಿಚಿತರ ನಡುವೆ ಗುರುತೆಂಬುದು ಸಮಸ್ಯೆಯೇ ಅಲ್ಲ. ಆದರೆ ಲಕ್ಷಾಂತರ ಅಪರಿಚಿತರು ನೆಲೆಸಿದ ಮಹಾನಗರದಲ್ಲಿ ಒಬ್ಬನು ಹೇಳಿಕೊಂಡ ಹೆಸರು ಅವನದೇ ಹೌದೋ ಅಲ್ಲವೋ ಎಂದು ನಿರ್ಣಯಿಸುವುದು ಬಲು ಕಷ್ಟ. ಆ ನಿರ್ಣಯವನ್ನು ಮನುಷ್ಯನ ದೇಹದಲ್ಲಿಯೇ ಶಾಸ್ತ್ರೀಯವಾಗಿ ಅರಸಿದವನು ಫ್ರಾನ್ಸ್ ದೇಶದ ಆಲ್ಫಾನ್ಸ್ ಬರ್ಟಿಲಾನ್. ತಲೆಗೆ ಧರಿಸುವ ದೃಶ್ಯಯಂತ್ರಗಳು ಧರಿಸಿದವನನ್ನು ಅವನ ಕಣ್ಣಿನಿಂದಲೇ ಗುರುತಿಸುವ ಈ ಕಾಲದಲ್ಲಿ ಅವನ ಸಾಧನೆಯೂ ಸ್ಖಲನವೂ ಸಮನಾಗಿ ಮನನಯೋಗ್ಯವಾಗಿವೆ.

ಬರ್ಟಿಲಾನ್ 1853ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಲೂಯಿ ಅಡಾಲ್ಫ್ ಬರ್ಟಿಲಾನ್ ವೈದ್ಯನೂ ಜನಸಂಖ್ಯಾಶಾಸ್ತ್ರಜ್ಞನೂ ಆಗಿ ಕೀರ್ತಿ ಪಡೆದವನು. ಸೋದರ ಜಾಕ್ ಸಹ ಅದೇ ಶಾಸ್ತ್ರದಲ್ಲಿ ಹೆಸರಾದನು. ಇಂತಹ ವಿದ್ಯಾವಂತರ ಮನೆಯಲ್ಲಿ ಹುಟ್ಟಿಯೂ ಆಲ್ಫಾನ್ಸ್ ಶಾಲೆಗಳಿಂದ ಹೊರಹಾಕಿಸಿಕೊಂಡ ಹುಡುಗ. ಕೆಲಕಾಲ ಬ್ರಿಟನ್ನಿನಲ್ಲಿ ಪಾಠ ಹೇಳಿ, ಸೈನ್ಯದ ಸೇವೆಯನ್ನೂ ಮುಗಿಸಿದ ಮೇಲೆ, ತಂದೆಯ ಪ್ರಭಾವದಿಂದ 1879ರಲ್ಲಿ ಪ್ಯಾರಿಸ್ ಪೊಲೀಸ್ ಕಚೇರಿಯಲ್ಲಿ ಅವನಿಗೆ ಒಂದು ಗುಮಾಸ್ತಿಕೆ ದೊರೆಯಿತು.

ಅಲ್ಲಿ ಅವನ ಪಾಲಿಗೆ ಬಂದದ್ದು ಸೆರೆಸಿಕ್ಕವರ ಚಹರೆಗಳನ್ನು ನಕಲು ಮಾಡುವ ನೀರಸವಾದ ಕೆಲಸ. ಎತ್ತರ ಸಾಧಾರಣ, ಮುಖ ಸಾಧಾರಣ ಎಂಬಂತಹ ಬರಹದಿಂದ ಯಾರನ್ನು ತಾನೇ ಗುರುತಿಸಲಾದೀತು? ಅಪರಾಧಿಗಳಿಗೆ ಕಾದ ಕಬ್ಬಿಣದಿಂದ ಮುದ್ರೆಯೊತ್ತುವ ಕ್ರೂರ ಪದ್ಧತಿಯನ್ನು ಫ್ರಾನ್ಸ್ 1832ರಲ್ಲಿಯೇ ರದ್ದುಗೊಳಿಸಿತ್ತು. ಆ ಬಳಿಕ ಹಳೆಯ ಅಪರಾಧಿ ಹೊಸ ಹೆಸರು ಹೇಳಿದರೆ ಅವನ ಪೂರ್ವವೃತ್ತಾಂತ ಸುಲಭವಾಗಿ ಅಳಿಸಿಹೋಗುತ್ತಿತ್ತು. ಮುದ್ರೆಯೊತ್ತದೆ ಗುರುತಿಸುವ ಉಪಾಯವನ್ನು ಬರ್ಟಿಲಾನ್ ಯೋಚಿಸತೊಡಗಿದನು. ಪ್ರಾಯಕ್ಕೆ ಬಂದ ಮನುಷ್ಯನ ಅಸ್ಥಿಪಂಜರವು ಹೆಚ್ಚಾಗಿ ಬದಲಾಗದು. ಇಬ್ಬರ ಒಂದು ಅಳತೆ ಸಮನಾದರೂ ಎಲ್ಲ ಅಳತೆಗಳೂ ಸಮನಾಗುವುದು ಅತಿ ವಿರಳ. ಈ ಎರಡು ತತ್ತ್ವಗಳೇ ಅವನ ವಿಧಾನಕ್ಕೆ ಬುನಾದಿ.

ತಲೆಯ ಉದ್ದ ಮತ್ತು ಅಗಲ, ಬಲಗಿವಿ, ಎಡಪಾದ, ಎಡಗೈಯ ನಡುಬೆರಳು, ಮುಂಗೈ ಮೊದಲಾದ ಹನ್ನೊಂದು ಅಳತೆಗಳನ್ನು ಅವನು ಆರಿಸಿಕೊಂಡನು. ಒಂದೊಂದು ಅಳತೆಯೂ ನಾಲ್ವರಲ್ಲಿ ಒಬ್ಬನೊಡನೆ ಹೊಂದುವುದೆಂದು ಎಣಿಸಿದರೂ, ಹನ್ನೊಂದೂ ಒಟ್ಟಿಗೆ ಹೊಂದುವ ಸಂಭವ 41,94,304ರಲ್ಲಿ ಒಂದು. ಅಳತೆಯ ಕಾರ್ಡುಗಳನ್ನು ಜೋಡಿಸಿದ ಕ್ರಮದಲ್ಲಿ ಅವನ ಜಾಣ್ಮೆ ಇನ್ನೂ ಮಿಗಿಲಾಗಿತ್ತು. ತಲೆಯ ಉದ್ದದಿಂದ ಕಿರಿದು, ನಡು, ಹಿರಿದು ಎಂದು ಮೂರು ಭಾಗ, ಅಗಲದಿಂದ ಅವು ಒಂಬತ್ತು, ನಡುಬೆರಳಿನಿಂದ ಇಪ್ಪತ್ತೇಳು. ಹೀಗೆ ಸಾವಿರಾರು ಕಾರ್ಡುಗಳ ರಾಶಿಯೊಳಗಿಂದ ಬೇಕಾದ ಒಂದು ಕಾರ್ಡು ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತಿತ್ತು.

ಅಂದಿನ ಪೊಲೀಸ್ ಮುಖ್ಯಾಧಿಕಾರಿ ಆಂದ್ರಿಯೊ ಈ ಸಲಹೆಯನ್ನು ತಳ್ಳಿಹಾಕಿದನು. ಅವನ ನಂತರ ಬಂದ ಕಾಮೆಕಾಸ್ 1882ರ ಕೊನೆಯಲ್ಲಿ ಮೂರು ತಿಂಗಳ ಪರೀಕ್ಷಾವಧಿಯನ್ನು ಕೊಟ್ಟನು. ಅವಧಿ ಮುಗಿಯುವ ಹೊತ್ತಿಗೆ, 1883ರ ಫೆಬ್ರುವರಿಯಲ್ಲಿ, ಸುಳ್ಳು ಹೆಸರು ಹೇಳಿದ್ದ ಒಬ್ಬನ ಹಳೆಯ ಕಾರ್ಡು ದೊರೆತು ನಿಜಸಂಗತಿ ಬಯಲಾಯಿತು. 1884ರೊಂದರಲ್ಲಿಯೇ 241 ಮಂದಿ ಈ ವಿಧಾನಕ್ಕೆ ಸಿಕ್ಕಿಬಿದ್ದರು. ಎದುರಿನಿಂದಲೂ ಪಕ್ಕದಿಂದಲೂ ಭಾವಚಿತ್ರ ತೆಗೆಯುವ ಪೊಲೀಸರ ಕ್ರಮವನ್ನು ವ್ಯವಸ್ಥಿತಗೊಳಿಸಿದವನೂ ಇವನೇ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವಲಯವನ್ನು ಏಳು ವರ್ಗಗಳಾಗಿ ವಿಂಗಡಿಸಿ ಕಾರ್ಡಿನಲ್ಲಿ ಬರೆಯಿಸಿದನು. ಅಲಕ್ಷಿತನಾಗಿದ್ದ ಗುಮಾಸ್ತ ಜಗದ್ವಿಖ್ಯಾತನಾದನು.

ಆದರೆ ಕೀರ್ತಿಯು ಎಲ್ಲರಿಗೂ ವಿವೇಕವನ್ನು ತರುವುದಿಲ್ಲ. 1894ರಲ್ಲಿ ಸೇನಾಧಿಕಾರಿ ಆಲ್‌ಫ್ರೆಡ್ ಡ್ರೈಫಸ್‌ನ ಮೇಲೆ ದೇಶದ್ರೋಹದ ಆರೋಪ ಬಂದಿತು. ಆಧಾರವಾಗಿದ್ದುದು ಕೈಬರಹದ ಒಂದು ಕಾಗದ. ಬರ್ಟಿಲಾನ್ ಕೈಬರಹದ ಪರಿಣತನಲ್ಲ. ಆದರೂ ಸಾಕ್ಷಿಯಾಗಿ ನಿಂತು ಅದು ಡ್ರೈಫಸ್‌ನ ಬರಹವೆಂದನು. ಅಕ್ಷರಗಳು ಹೊಂದದಿದ್ದಲ್ಲಿ, ಡ್ರೈಫಸ್ ತನ್ನ ಬರಹವನ್ನು ತಾನೇ ಮರೆಮಾಚಿದನೆಂದು ವಾದಿಸಿದನು. ಹೊಂದಿದರೂ ಸಾಕ್ಷ್ಯ, ಹೊಂದದಿದ್ದರೂ ಸಾಕ್ಷ್ಯ! ನಿರಪರಾಧಿಯು ದೂರದ ದ್ವೀಪದ ಸೆರೆಗೆ ಹೋದನು. ಗಣಿತಜ್ಞ ಪ್ವಾಂಕಾರೆ ಮೊದಲಾದ ಮೂವರು 1904ರಲ್ಲಿ ಪರಿಶೀಲಿಸಿ ಈ ವಾದ ನಿರಾಧಾರವೆಂದು ತೋರಿಸಿದರು. 1906ರಲ್ಲಿ ಡ್ರೈಫಸ್ ದೋಷಮುಕ್ತನಾದನು.

ಅಷ್ಟರಲ್ಲಿ ಭಾರತದಲ್ಲಿ ಮತ್ತೊಂದು ವಿಧಾನ ಬೆಳೆದಿತ್ತು. ಬಂಗಾಳದ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿ ಮೊದಲು ಬರ್ಟಿಲಾನನ ಅಳತೆಗಳನ್ನೇ ಬಳಕೆಗೆ ತಂದಿದ್ದನು. ಅಳೆಯುವ ಕೈ ಬದಲಾದರೆ ಅಳತೆಯೂ ತುಸು ಬದಲಾಗುವ ದೋಷ ಕಂಡುಬಂದಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಪರಿಶ್ರಮದಿಂದ ಬೆರಳಚ್ಚುಗಳನ್ನು 1024 ವಿಭಾಗಗಳಲ್ಲಿ ಜೋಡಿಸುವ ಕ್ರಮ ಸಿದ್ಧವಾಗಿ, 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಬರ್ಟಿಲಾನ್ ಬೆರಳಚ್ಚನ್ನು ತನ್ನ ಕಾರ್ಡಿಗೆ ಸೇರಿಸಿಕೊಂಡನು. 1902ರಲ್ಲಿ ಅದರಿಂದಲೇ ಒಬ್ಬ ಕೊಲೆಗಾರನನ್ನು ಪತ್ತೆಹಚ್ಚಿದನು. ಆದರೂ ಅಳತೆಯ ಸ್ಥಾನವನ್ನು ಅದಕ್ಕೆ ಬಿಟ್ಟುಕೊಡಲಿಲ್ಲ. 1911ರಲ್ಲಿ ಮೋನಾಲಿಸಾ ಚಿತ್ರ ಕಳುವಾದಾಗ ಕಳ್ಳನ ಬೆರಳಚ್ಚು ದೊರೆಯಿತು. ಅವನು ಮೊದಲೇ ಸೆರೆಯಾಗಿದ್ದವನಾದರೂ, ದಾಖಲೆಗಳು ಬೆರಳಚ್ಚಿನ ಕ್ರಮದಲ್ಲಿ ಇಲ್ಲದಿದ್ದುದರಿಂದ ಗುರುತು ಸಿಗಲಿಲ್ಲ. 1914ರ ಫೆಬ್ರುವರಿ 13ರಂದು ಬರ್ಟಿಲಾನ್ ಮರಣಹೊಂದಿದನು. ಅಳತೆಯ ಪದ್ಧತಿಯೂ ಬಹುಕಾಲ ಉಳಿಯಲಿಲ್ಲ.

ಪದ್ಧತಿ ಅಳಿದರೂ ತತ್ತ್ವ ಅಳಿಯಲಿಲ್ಲ. 2016ರಲ್ಲಿ ಜರ್ಮನಿಯ ಸಂಶೋಧಕರು ಕನ್ನಡಕದಂತಹ ಯಂತ್ರದಿಂದ ತಲೆಬುರುಡೆಯ ಮೂಲಕ ಶಬ್ದವನ್ನು ಹಾಯಿಸಿ, ಬುರುಡೆಯ ರಚನೆಯಿಂದ ಅದು ಮಾರ್ಪಡುವ ಬಗೆಯನ್ನೇ ಗುರುತಾಗಿಸಿಕೊಂಡರು. ಹತ್ತು ಜನರ ಮೇಲೆ ನಡೆದ ಆ ಪ್ರಯೋಗದಲ್ಲಿ ಶೇಕಡ 97ರಷ್ಟು ನಿರ್ಣಯಗಳು ಸರಿಯಾದವು. 2019ರ ಹೋಲೋಲೆನ್ಸ್ 2, 2024ರ ವಿಷನ್ ಪ್ರೊ ಎಂಬ ಶಿರೋಧಾರ್ಯ ಯಂತ್ರಗಳು ಕಣ್ಣಿನ ಅದೇ ವಲಯವನ್ನು ಆಶ್ರಯಿಸಿದವು. ಬರ್ಟಿಲಾನ್ ನೋಡಿದ್ದು ಬಣ್ಣವನ್ನು. ಕಣ್ಣೆಲ್ಲ ಕಪ್ಪಾಗಿರುವ ನಾಡಿನಲ್ಲಿ ಅದರಿಂದ ಪ್ರಯೋಜನ ಅಲ್ಪ. ಯಂತ್ರವಾದರೋ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅಲ್ಲಿನ ನೂಲೆಳೆಗಳಂತಹ ವಿನ್ಯಾಸವನ್ನು ಚಿತ್ರಿಸಿ, ಮೊದಲೇ ಸಂಗ್ರಹಿಸಿದ ಸಂಕೇತದೊಡನೆ ಹೋಲಿಸುತ್ತದೆ. ವಿಷನ್ ಪ್ರೊ ಯಂತ್ರದಲ್ಲಿ ಕಣ್ಣು ಹೊಂದದಿದ್ದರೆ ಗುಪ್ತಸಂಖ್ಯೆಯಿಂದ ಒಳಹೋಗಲು ಇನ್ನೊಂದು ಬಾಗಿಲನ್ನೂ ಇಡಲಾಗಿದೆ.

ಬರ್ಟಿಲಾನನ ಬಾಳಿನಲ್ಲಿ ಇಲ್ಲದಿದ್ದುದು ಆ ಎರಡನೆಯ ಬಾಗಿಲೇ. ತನ್ನ ಅಳತೆ ತಪ್ಪಬಹುದೆಂಬ ಎಚ್ಚರವಿಲ್ಲದವನ ಕೈಯಲ್ಲಿ ಶಾಸ್ತ್ರವೂ ಶಸ್ತ್ರವಾಗುತ್ತದೆ. ನೇಗಿಲು ಹಿಡಿದು ಬೆರಳ ಗೆರೆ ಸವೆದ ರೈತನನ್ನು ಯಂತ್ರವು ಗುರುತಿಸದೆ ಹೋದರೆ, ದೋಷ ಆ ರೈತನದಲ್ಲ. ಅಳೆಯುವ ವಿದ್ಯೆಯೊಡನೆ ಅಳತೆಯ ಮಿತಿಯನ್ನೂ ಕಲಿಸುವುದೇ ಪೂರ್ಣವಾದ ಶಿಕ್ಷಣ.