ಮುರುಕು ಹಡಗು ಮತ್ತು ಟಿಪ್ಪು ಸುಲ್ತಾನ

ಟಿಪ್ಪು ಸುಲ್ತಾನ ಅಂದರ ಹುಲಿ, ಕತ್ತಿ, ಶ್ರೀರಂಗಪಟ್ಟಣ ಇಷ್ಟೇ ನಮಗೆ ನೆನಪಿಗೆ ಬರ್ತಾವ. ನಾನು ಈ ಸಲ ಅವನ ಬಾಳಿನಲ್ಲಿ ಬಂದ ಒಂದು ಮುರುಕು ಹಡಗಿನ ಸಂಗತಿ ಬರೀತೀನಿ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ 1782ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ. ನಮ್ಮ ಕಡೆಗೂ ಅವನ ದಂಡು ಬಂದಿತ್ತು. 1785ರಲ್ಲಿ ನರಗುಂದದ ಕೋಟೆ ಹಿಡಿದು, ದೇಸಾಯಿ ವೆಂಕಟರಾವ್ ಭಾವೆಯನ್ನು ಸೆರೆ ಒಯ್ದರು. ಅದಕ್ಕೇ ನಮ್ಮ ಸೀಮೆಯಲ್ಲಿ ಅವನನ್ನು ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ.

1792ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಕೂಡಿ ಅವನನ್ನು ಸೋಲಿಸಿದರು. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಸಣ್ಣ ಹುಡುಗರು, ನಮ್ಮ ಸಾಲಿಯ ಮೂರು-ನಾಲ್ಕನೇ ಇಯತ್ತೆಯವರಷ್ಟು. 1794ರಲ್ಲಿ ತಿರುಗಿ ಬಂದರು. ಆ ಸಿಟ್ಟು ಅವನ ಹೊಟ್ಟೆಯಲ್ಲಿ ಇದ್ದೇ ಇತ್ತು.

ಹೀಗಿರುವಾಗ 1797ರಲ್ಲಿ ಮಂಗಳೂರ ದಂಡೆಗೆ ಒಂದು ಫ್ರೆಂಚ್ ಹಡಗು ಬಂತು. ಕೂವೆಮರ ಮುರಿದಿತ್ತು, ಮುಂದೆ ಸಾಗುವ ಹಾಗೆ ಇರಲಿಲ್ಲ. ಅದರ ನಾಯಕ ರಿಪೋ. ದಿಕ್ಕುಗೆಟ್ಟು ಬಂದ ನಾವಿಕರಿಗೆ ಆಸರೆ ಕೊಟ್ಟದ್ದು ಸರಿಯೇ, ಅದು ದೊಡ್ಡವರ ಲಕ್ಷಣ. ಆದರೆ ಈ ರಿಪೋ ತಾನು ಮಾರಿಷಸ್ ದ್ವೀಪದ ಫ್ರೆಂಚ್ ಸರಕಾರದ ರಾಯಭಾರಿ ಅಂದುಬಿಟ್ಟ. ಅಲ್ಲಿ 10,000 ಸೈನಿಕರು ಸಜ್ಜಾಗಿ ಕುಂತಾರ, ನೀವು ಕರೆಯುವುದೇ ತಡ ಅಂತ ಹೇಳಿದ. ಮಂತ್ರಿಗಳು ಬ್ಯಾಡ್ರಿ, ಇವನನ್ನು ನಂಬಬ್ಯಾಡ್ರಿ ಅಂತ ತಿಳಿಸಿದರು. ಟಿಪ್ಪು ಕೇಳಲಿಲ್ಲ. ನನಗನ್ನಿಸುತ್ತದೆ, ಅವನು ನಂಬಿದ್ದು ರಿಪೋನನ್ನಲ್ಲ, ತನ್ನ ಆಸೆಯನ್ನು.

ಟಿಪ್ಪು ಇಬ್ಬರು ದೂತರನ್ನು ವ್ಯಾಪಾರಿಗಳ ವೇಷದಲ್ಲಿ ಗುಟ್ಟಾಗಿ ಮಾರಿಷಸ್‌ಗೆ ಕಳಿಸಿದ. 1798ರ ಜನವರಿಯಲ್ಲಿ ಅವರು ಅಲ್ಲಿ ಇಳಿದರು. ನೋಡಿದರ, ಕೊಡಲಿಕ್ಕೆ ಅಲ್ಲಿ ಸೈನ್ಯವೇ ಇಲ್ಲ! ಗವರ್ನರ್ ಮಲಾರ್ತಿಕ್ ಗುಟ್ಟನ್ನೂ ಉಳಿಸಲಿಲ್ಲ. ದೂತರನ್ನು ಮೆರೆಸಿ ಬರಮಾಡಿಕೊಂಡ. ಟಿಪ್ಪು ಇಂಗ್ಲಿಷರ ಮೇಲೆ ಯುದ್ಧ ಮಾಡುವವನಿದ್ದಾನೆ, ಸೇರುವವರು ಹೆಸರು ಹಚ್ಚಿರಿ ಅಂತ ಅಚ್ಚು ಹಾಕಿಸಿ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಮದುವೆ ಗೊತ್ತಾಗುವ ಮೊದಲೇ ಡಂಗುರ ಸಾರಿದಂಗ ಆತು. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಬರೇ ನೂರರ ಆಸುಪಾಸು ಮಂದಿ.

ಆ ಪ್ರಕಟಣೆ ಜೂನ್ ಹೊತ್ತಿಗೆ ಕಲ್ಕತ್ತೆ ಮುಟ್ಟಿತು. ಹೊಸದಾಗಿ ಬಂದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆವ ಸಿಕ್ಕಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಸಹಾಯದ ಮಾತು ಬರೆದ. ಆ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆಯಿತು. ಟಿಪ್ಪು ಓಡಿಹೋಗಲಿಲ್ಲ. ಕೋಟೆಯ ಬಾಗಿಲ ಹತ್ತಿರ ಕಾದಾಡುತ್ತಾ ಸತ್ತ. ರಾತ್ರಿ ಹೆಣಗಳ ರಾಶಿಯಲ್ಲಿ ಹುಡುಕಿ ಅವನನ್ನು ಗುರುತಿಸಿದರು. ಮರುದಿನ ಗುಂಬಜಿನಲ್ಲಿ ತಂದೆಯ ಮಗ್ಗುಲಲ್ಲಿ ಮಣ್ಣು ಮಾಡಿದರು.