ಹೆನ್ರಿ ಗ್ಯಾಂಟ್
ಹೆನ್ರಿ ಲಾರೆನ್ಸ್ ಗ್ಯಾಂಟ್ (ಮೇ 20, 1861 – ನವೆಂಬರ್ 23, 1919) ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಮತ್ತು ನಿರ್ವಹಣಾ ಸಲಹೆಗಾರರು. ಯೋಜನಾ ನಿರ್ವಹಣೆಯ ತರಬೇತಿಗಳಲ್ಲಿ ಇಂದಿಗೂ ಕಲಿಸುವ ಗ್ಯಾಂಟ್ ಚಾರ್ಟ್ ಇವರ ಹೆಸರಿನದು.

ಮೇರಿಲ್ಯಾಂಡ್‌ನ ಕ್ಯಾಲ್ವರ್ಟ್ ಕೌಂಟಿಯಲ್ಲಿ ಜನಿಸಿದರು. ಅಂತರ್ಯುದ್ಧದ ನಂತರ ಕುಟುಂಬವು ಬಡತನಕ್ಕೆ ಸಿಲುಕಿತು. 1880ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪದವಿ ಪಡೆದು, ತಾವು ಓದಿದ ಶಾಲೆಯಲ್ಲಿಯೇ ಶಿಕ್ಷಕರಾದರು. ಆ ಪದವಿಗೇ ತೃಪ್ತರಾಗದೆ, 1884ರಲ್ಲಿ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯಿಂದ ಎಂಜಿನಿಯರಿಂಗ್ ಪದವಿಯನ್ನೂ ಗಳಿಸಿದರು. 1887ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆ ಸೇರಿ, ಫ್ರೆಡರಿಕ್ ಟೇಲರ್ ಅವರ ಸಹೋದ್ಯೋಗಿಯಾದರು.

ಶಿಕ್ಷಕ ವೃತ್ತಿಯ ಪ್ರಭಾವ ಇವರ ಮುಂದಿನ ಕೆಲಸದಲ್ಲಿ ಕಾಣುತ್ತದೆ. ಟೇಲರ್ ಅವರ ಪದ್ಧತಿಯಲ್ಲಿ ನಿಗದಿತ ಗುರಿ ತಲುಪದ ಕಾರ್ಮಿಕನಿಗೆ ಕೂಲಿಯ ದರವೇ ಇಳಿಯುತ್ತಿತ್ತು. ಗ್ಯಾಂಟ್ 1901ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ತಂದ ಪದ್ಧತಿಯಲ್ಲಿ ದಿನಗೂಲಿ ಖಚಿತ. ಗುರಿ ತಲುಪಿದರೆ ಬೋನಸ್. ಗುರಿ ತಲುಪಿದ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಮೇಸ್ತ್ರಿಗೂ ಬೋನಸ್ ದೊರೆಯುತ್ತಿತ್ತು. ಎಲ್ಲರೂ ತಲುಪಿದರೆ ಅದು ಹೆಚ್ಚುತ್ತಿತ್ತು. ಹೀಗಾಗಿ ಹಿಂದುಳಿದವನನ್ನು ಗದರಿಸುವುದಕ್ಕಿಂತ ಅವನಿಗೆ ಕೆಲಸ ಕಲಿಸುವುದೇ ಮೇಸ್ತ್ರಿಗೆ ಲಾಭದಾಯಕವಾಯಿತು. ಚಾರ್ಟ್‌ಗಿಂತಲೂ ಇದು ಇವರ ಹೆಚ್ಚು ಮಹತ್ವದ ಕೊಡುಗೆ ಎನ್ನಬಹುದು.

ಗ್ಯಾಂಟ್ ಚಾರ್ಟ್ ಅಡ್ಡಗೆರೆಗಳ ಮೂಲಕ ಯೋಜಿತ ಕೆಲಸವನ್ನೂ ನಡೆದ ಕೆಲಸವನ್ನೂ ಕಾಲಕ್ರಮದಲ್ಲಿ ತೋರಿಸುತ್ತದೆ. ಪೋಲೆಂಡಿನ ಕರೋಲ್ ಅದಾಮಿಯೆಟ್‌ಸ್ಕಿ ಇಂಥದೇ ನಕ್ಷೆಯನ್ನು ಮೊದಲೇ ರೂಪಿಸಿದ್ದರೂ ಹೆಸರು ಉಳಿದದ್ದು ಗ್ಯಾಂಟ್ ಅವರದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಶಸ್ತ್ರಾಸ್ತ್ರ ತಯಾರಿಕೆ ಹಾಗೂ ಹಡಗು ನಿರ್ಮಾಣಕ್ಕೆ ಈ ಚಾರ್ಟ್‌ಗಳು ಬಳಕೆಯಾದವು. ಒಂದು ಕೆಲಸ ಮತ್ತೊಂದನ್ನು ಅವಲಂಬಿಸಿರುವುದನ್ನು ಸೂಚಿಸುವ ಗೆರೆಗಳು ನಂತರದ ಸೇರ್ಪಡೆ.

1910ರಲ್ಲಿ 'ವರ್ಕ್, ವೇಜಸ್ ಅಂಡ್ ಪ್ರಾಫಿಟ್ಸ್', 1919ರಲ್ಲಿ 'ಆರ್ಗನೈಸಿಂಗ್ ಫಾರ್ ವರ್ಕ್' ಕೃತಿಗಳು ಪ್ರಕಟವಾದವು. 1929ರಲ್ಲಿ ಇವರ ಹೆಸರಿನ ಪದಕ ಸ್ಥಾಪನೆಯಾಯಿತು.